ಬಾ ಅಂದರೆ ಬರಲಿಲ್ಲ, ನಕ್ಕರು

ಕಾರ್ಕಳದ ಪಕ್ಕದ ಕುಕ್ಕುಂದೂರಿನಿಂದ ಹೊರಟವನು 2023ರ ಜೂನ್‌ನಲ್ಲಿ ಥಾಯ್ಲೆಂಡಿನ ಉತ್ತರ ತುದಿಯ ಚಿಯಾಂಗ್ ರಾಯ್ ಪ್ರಾಂತ್ಯದ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಸುತ್ತ ಗದ್ದೆ, ಮೇಲೆ ಥೇಟ್ ನಮ್ಮೂರಿನದ್ದೇ ಮಳೆ. ಡಿಗ್ರಿ ಮುಗಿಸಿ ಹೋದ ನಾಲ್ಕು ಇಂಟರ್‌ವ್ಯೂಗಳಲ್ಲೂ ‘ಕಮ್ಯುನಿಕೇಶನ್ ಸಾಲದು’ ಅಂತ ವಾಪಸ್ ಕಳಿಸಿದ್ದರು. ಅಂಥವನು ಆರು ವಾರ ಸ್ವಯಂಸೇವಕನಾಗಿ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೋಗಿದ್ದೆ ಅಂದರೆ ನೀವೇ ಲೆಕ್ಕ ಹಾಕಿ ಮಾರಾಯ್ರೆ!

ಹೊರಡುವ ಮೊದಲು ಯೂಟ್ಯೂಬಿನಲ್ಲಿ ಒಬ್ಬರು ಮೇಡಂ ಹೇಳಿಕೊಟ್ಟಂತೆ ‘ಸವಾದಿ ಖಾ’ ಎಂಬ ನಮಸ್ಕಾರವನ್ನು ಬಾಯಿಪಾಠ ಮಾಡಿದ್ದೆ. ಕ್ಲಾಸಿಗೆ ಹೋಗಿ ಕೈಮುಗಿದು ಗಟ್ಟಿಯಾಗಿ ಹೇಳಿದೆ. ನಾಲ್ಕನೇ ಕ್ಲಾಸು ಬಿದ್ದು ಬಿದ್ದು ನಕ್ಕಿತು. ‘ಖಾ’ ಅನ್ನುವುದು ಹೆಂಗಸರಂತೆ. ಗಂಡಸರು ‘ಖ್ರಪ್’ ಅನ್ನಬೇಕಂತೆ. ಗಡ್ಡ ಬಿಟ್ಟುಕೊಂಡ ಮೇಷ್ಟ್ರು ‘ಖಾ’ ಅಂದರೆ ಯಾರು ತಾನೇ ಸುಮ್ಮನಿರುತ್ತಾರೆ?

ನಗುವವರನ್ನು ಹತ್ತಿರ ಕರೆಯೋಣ ಅಂತ ‘ಬಾ, ಬಾ’ ಅಂದೆ. ಒಬ್ಬರೂ ಬರಲಿಲ್ಲ, ನಗು ಮಾತ್ರ ಜೋರಾಯಿತು. ದನಿ ಇಳಿಸಿ ‘ಬಾ’ ಅಂದರೆ ಥಾಯ್ ಭಾಷೆಯಲ್ಲಿ ಹುಚ್ಚು! ನಮ್ಮಲ್ಲಿ ಹಾಗಂದರೆ ಕರೆಯುವುದು ಅಂತ ಕೈಸನ್ನೆಯಲ್ಲಿ ವಿವರಿಸುವಷ್ಟರಲ್ಲಿ ಬೆಲ್ ಹೊಡೆಯಿತು. ಅವತ್ತಿಂದ ನಾನು ‘ಕ್ರೂ ಬಾ’. ‘ಕ್ರೂ’ ಅಂದರೆ ನಮ್ಮ ‘ಗುರು’ವೇ.

ವಯಸ್ಸು ಕೇಳಿದಾಗ ಬೋರ್ಡಿನ ಮೇಲೆ 2001 ಅಂತ ಬರೆದೆ. ಮೇಲೆ ಅವತ್ತಿನ ತಾರೀಕಿನ ಜತೆ 2566 ಅಂತ ಇತ್ತು. ಅವರದ್ದು ಬುದ್ಧನ ಲೆಕ್ಕದ ವರ್ಷ. ಕಳೆದು ನೋಡಿದ ಹುಡುಗಿಯೊಬ್ಬಳು 565 ಅಂತ ಬರೆದು, ಭಕ್ತಿಯಿಂದ ನನ್ನ ಮುಖ ನೋಡಿದಳು.

ಊರು ತೋರಿಸೋಣ ಅಂತ ಮೊಬೈಲಿನಲ್ಲಿ ಕಾರ್ಕಳದ ಗೊಮ್ಮಟನನ್ನು ತೋರಿಸಿದೆ. 1432ರಲ್ಲಿ ನಿಂತ 42 ಅಡಿಯ ಮೂರ್ತಿ ಅಂತ ಹೆಮ್ಮೆ ಬೇರೆ. ಮಕ್ಕಳು ಬಾಯಿ ಮುಚ್ಚಿಕೊಂಡರು. ಬ್ಯಾಂಕಾಕಿನ ಪಚ್ಚೆ ಬುದ್ಧನಿಗೆ ಋತು ಬದಲಾದಾಗ, ವರ್ಷಕ್ಕೆ 3 ಸಲ, ವಸ್ತ್ರ ಬದಲಿಸುತ್ತಾರೆ. ಒಬ್ಬ ಕೇಳಿಯೇ ಬಿಟ್ಟ: ‘ಇವತ್ತು ಇವರ ಬಟ್ಟೆ ಬದಲಿಸುವ ದಿನವಾ?’ ನನಗೆ ನಗು ಬಂತು, ನಾಚಿಕೆಯೂ ಆಯಿತು. ಗೊಮ್ಮಟನ ನೆರಳಲ್ಲೇ ಬೆಳೆದರೂ ಯಾರಿಗೂ ವಿವರಿಸಿದವನಲ್ಲ. ‘ರಾಜಕುಮಾರ. ಯುದ್ಧದಲ್ಲಿ ಗೆದ್ದ. ಆಮೇಲೆ ಎಲ್ಲ ಬಿಟ್ಟ. ಬಟ್ಟೆಯನ್ನೂ’ ಅಂತ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಬುದ್ಧನೂ ರಾಜಕುಮಾರನೇ ಅಲ್ಲವೇ? ಒಂದೊಂದಾಗಿ ಕೈಗಳು ಮೊಬೈಲಿಗೆ ಮುಗಿದವು.

ಎಲ್ಲವೂ ಹೀಗೆ ನಗುವಿನಲ್ಲಿ ಮುಗಿಯಲಿಲ್ಲ. ಮೂರನೇ ಬೆಂಚಿನ ಹುಡುಗ ಮೂರು ವಾರ ತುಟಿ ಬಿಚ್ಚಿರಲಿಲ್ಲ. ಒಂದು ದಿನ ಎದ್ದು ನಿಂತು, ಅಪ್ಪ ಬ್ಯಾಂಕಾಕಿನಲ್ಲಿ ಕೆಲಸ ಮಾಡುತ್ತಾರೆ ಅಂತ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹೇಳಿದ. ಖುಷಿಯಲ್ಲಿ ಅವನ ತಲೆ ಸವರಿದೆ. ಹುಡುಗ ಕಲ್ಲಾದ. ಕ್ಲಾಸು ಗಪ್‌ಚುಪ್. ಮರುದಿನ ಕೊನೇ ಬೆಂಚಿಗೆ ಹೋಗಿ ಕುಳಿತ.

ಅಲ್ಲಿ ತಲೆ ದೇಹದ ಪವಿತ್ರ ಭಾಗ. ‘ಖ್ವಾನ್’ ಎಂಬ ಚೈತನ್ಯ ಇರುವ ಜಾಗ. ಹೊರಗಿನವರು ಮುಟ್ಟಬಾರದು ಅಂತ ಅಲ್ಲಿನ ಟೀಚರ್ ಹೇಳಿದರು. ನನ್ನ ಅಜ್ಜಿ ಪ್ರತಿ ಪರೀಕ್ಷೆಗೂ ತಲೆ ಮುಟ್ಟಿಯೇ ಕಳಿಸುತ್ತಿದ್ದದ್ದು. ಇದನ್ನು ಹತ್ತು ವರ್ಷದ ಹುಡುಗನಿಗೆ ಯಾವ ಭಾಷೆಯಲ್ಲಿ ಹೇಳುವುದು? ‘ಖೋ ಥೋಟ್’ ಅನ್ನಿ ಅಂದರು. ಕ್ಷಮಿಸು ಅಂತ. ಆ ‘ಥೋಟ್’ ನಮ್ಮ ‘ದೋಷ’ವೇ ಅಂತೆ. ಅವನ ಮುಂದೆ ನಿಂತು ಕೈಮುಗಿದು ಹೇಳಿದೆ. ಅದೂ ತಪ್ಪು! ದೊಡ್ಡವರು ಚಿಕ್ಕವರಿಗೆ ಮೊದಲು ಕೈಮುಗಿಯುವ ಹಾಗಿಲ್ಲ. ಹುಡುಗ ಗಾಬರಿಯಿಂದ ನನಗಿಂತ ಕೆಳಗೆ ಬಗ್ಗಿದ. ನಾನು ಇನ್ನೂ ಬಗ್ಗಿದೆ. ಕೊನೆಗೆ ಅವನೇ ನಕ್ಕು ‘ಮೈ ಪೆನ್ ರೈ’ ಅಂದ. ಪರವಾಗಿಲ್ಲ ಅಂತ.

ಮರುದಿನ ಮೂರನೇ ಬೆಂಚಿನಲ್ಲಿದ್ದ.

ಕೊನೆಯ ದಿನ ಪಿಕಪ್ ಶಾಲೆಯ ಗೇಟು ದಾಟುವಾಗ ಮಕ್ಕಳೆಲ್ಲ ಮಳೆಯಲ್ಲೇ ಓಡಿಬಂದರು. ಮುಂದೆ ಅವನೇ ಇದ್ದ. ‘ಕ್ರೂ, ಬಾ! ಬಾ!’ ಅಂತ ಒಂದೇ ಸಮನೆ ಕೂಗು. ಥಾಯ್‌ನಲ್ಲಿ ಅಂದರೋ ಕನ್ನಡದಲ್ಲೋ, ಕೇಳುವಷ್ಟರಲ್ಲಿ ಪಿಕಪ್ ತಿರುವು ದಾಟಿತ್ತು.