ಕಿವಿಯಿಂದ ಓದುವವರಿಗೆ ಪಿಡಿಎಫ್

ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 × 10⁸ ಮೀಟರ್. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಇದು ನಿಮಗೆ ತಿಳಿದದ್ದೇ. ಆದರೆ ನನ್ನ ತರಗತಿಯಲ್ಲಿದ್ದ ಅಂಧ ವಿದ್ಯಾರ್ಥಿಯೊಬ್ಬ ಒಂದು ದಿನ, "ಸಾರ್, ನಿಮ್ಮ ಟಿಪ್ಪಣಿಯ ಪ್ರಕಾರ ಬೆಳಕು ಶಬ್ದಕ್ಕಿಂತ ನಿಧಾನ" ಎಂದ. ನಾನು ಕೊಟ್ಟಿದ್ದ ಪಿಡಿಎಫ್ ಕಡತವನ್ನು ಅವನ ಕಂಪ್ಯೂಟರಿನಲ್ಲಿದ್ದ ಸ್ಕ್ರೀನ್ ರೀಡರ್ ತಂತ್ರಾಂಶ ಗಟ್ಟಿಯಾಗಿ ಓದುತ್ತಿತ್ತು. ಅದರ ಬಾಯಲ್ಲಿ ಬೆಳಕಿನ ವೇಗ 3 × 108, ಅಂದರೆ 324 ಆಗಿತ್ತು! ಸರಿಯಾದ ಬೆಲೆ ಅವನಿಗೆ ಗೊತ್ತಿತ್ತು, ತಮಾಷೆಗೆ ಹೇಳಿದ್ದ. ಅವನು ಹೊಸದಾಗಿ ಕಲಿಯಬೇಕಾಗಿದ್ದ ಸೂತ್ರಗಳ ಗತಿಯೇನು?

ಅಡೋಬಿ ಸಂಸ್ಥೆ 1993ರಲ್ಲಿ ಪಿಡಿಎಫ್ ಅನ್ನು ಹೊರತಂದದ್ದು, ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಲಿ ಎಂದು. ಆದ್ದರಿಂದ ಅದರೊಳಗೆ ಮುಖ್ಯವಾಗಿ ಇರುವುದು 'ಇಂಥ ಅಕ್ಷರವನ್ನು ಪುಟದ ಇಂಥ ಬಿಂದುವಿನಲ್ಲಿ ಇಷ್ಟು ಗಾತ್ರದಲ್ಲಿ ಇಡು' ಎಂಬ ಸೂಚನೆಗಳು. 8 ಘಾತಾಂಕ ಎಂದು ಅಲ್ಲಿ ಹೇಳಿಲ್ಲ. ಅದನ್ನು ತುಸು ಮೇಲೆ, ತುಸು ಚಿಕ್ಕದಾಗಿ ಇಡಲಾಗಿದೆ, ಅಷ್ಟೆ. ಉಳಿದದ್ದನ್ನು ಕಣ್ಣು ಊಹಿಸುತ್ತದೆ. ತಂತ್ರಾಂಶಕ್ಕೆ ಸಿಗುವುದು ಸಾಲಾಗಿ ನಿಂತ 1, 0, 8.

ಕನ್ನಡದ ಹಳೆಯ ಕಡತಗಳ ಪಾಡು ಇನ್ನೂ ಕಷ್ಟ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಪುಟದಲ್ಲಿ 'ಕ' ಎಂಬ ಅಕ್ಷರವೇ ಇರುವುದಿಲ್ಲ. ರೋಮನ್ 'ಪಿ' ಮತ್ತು ತಲೆಯ ಮೇಲೆ ಗೆರೆಯುಳ್ಳ 'ಎ', ಇವುಗಳ ಸ್ಥಾನದಲ್ಲಿಟ್ಟ ಎರಡು ತುಂಡುಗಳು ಕೂಡಿ ನಮಗೆ 'ಕ' ಕಾಣುತ್ತದೆ. ಯಂತ್ರ 'ಪಿ', 'ಎ' ಎಂದೇ ಓದುತ್ತದೆ. ಯೂನಿಕೋಡಿನಲ್ಲಾದರೆ 'ಕ'ಗೆ 3221 ಎಂಬ ತನ್ನದೇ ಸಂಖ್ಯೆಯಿದೆ. ಇನ್ನು ಸ್ಕ್ಯಾನ್ ಮಾಡಿ ಹಾಗೇ ಇಟ್ಟ ಪುಟ ಬರಿಯ ಚಿತ್ರ. ಅದರಲ್ಲಿ ಓದಲು ಏನೂ ಇಲ್ಲ.

ವೆಬ್ ಪುಟದ ಎಚ್‌ಟಿಎಂಎಲ್ ಭಾಷೆ ಇದಕ್ಕೆ ತಿರುಗುಮುರುಗು. ಇದು ಶೀರ್ಷಿಕೆ, ಇದು ಕೋಷ್ಟಕದ ತಲೆಸಾಲು ಎಂದು ಅದು ಅರ್ಥವನ್ನು ಗುರುತಿಸಿಡುತ್ತದೆ. ಗಣಿತಕ್ಕೆಂದೇ ಮ್ಯಾತ್‌ಎಂಎಲ್ ಎಂಬ ಗುರುತುಭಾಷೆ 1998ರಿಂದ ಇದೆ. ಅದರಲ್ಲಿ ಬರೆದ ಭಿನ್ನರಾಶಿಯ ಅಂಶ, ಛೇದಗಳನ್ನು ವಿದ್ಯಾರ್ಥಿ ಬೇರೆಬೇರೆಯಾಗಿ ಕೇಳಿಕೊಳ್ಳಬಹುದು. ಪಿಡಿಎಫ್‌ನಲ್ಲೂ ಇಂಥ ಗುರುತುಗಳನ್ನು ಸೇರಿಸಲು ಅವಕಾಶವಿದೆ, ನಿಜ; ಸೇರಿಸುವವರು ವಿರಳ.

ಭೌತವಿಜ್ಞಾನಿಗಳಿಗೆ ಪರಿಚಿತವಾದ ಆರ್ಕೈವ್ ಪ್ರಬಂಧ ಭಂಡಾರವನ್ನೇ ನೋಡಿ. ಪಾಲ್ ಗಿನ್ಸ್‌ಪರ್ಗ್ 1991ರಲ್ಲಿ ಲಾಸ್ ಅಲಮಾಸ್‌ನಲ್ಲಿ ಆರಂಭಿಸಿದ ಇದು 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂತು. 2023ರ ಡಿಸೆಂಬರಿನಿಂದ, ಟೆಕ್ ರೂಪದಲ್ಲಿ ಬಂದ ಹೊಸ ಪ್ರಬಂಧಗಳಿಗೆ ಪಿಡಿಎಫ್ ಜೊತೆಗೆ ವೆಬ್ ರೂಪವನ್ನೂ ಕೊಡತೊಡಗಿತು. ಗಮನಿಸಿ, ಅವರು ಪಿಡಿಎಫ್ ಅನ್ನು ಒಡೆದು ಇದನ್ನು ಮಾಡಲಿಲ್ಲ. ಲೇಖಕರ ಮೂಲ ಕಡತದಿಂದಲೇ ಮಾಡಿದರು. ಪಿಡಿಎಫ್‌ನಿಂದ ಅರ್ಥವನ್ನು ಮರಳಿ ತೆಗೆಯಹೊರಡುವುದು ಹಿಟ್ಟಿನಿಂದ ಜೋಳ ಪಡೆಯಹೊರಟಂತೆ.

ನಿಮ್ಮ ಟಿಪ್ಪಣಿಗಳಿಗೂ ಇದೇ ದಾರಿ. ಲೇಟೆಕ್ ಮೂಲವಿದ್ದರೆ ಲೇಟೆಕ್‌ಎಂಎಲ್, ಪ್ಯಾನ್‌ಡಾಕ್ ಎಂಬ ಉಚಿತ ಸಾಧನಗಳಿವೆ. ಹೆಚ್ಚು ಸಮಯ ಹಿಡಿಯುವುದು ಚಿತ್ರಗಳಿಗೆ ವಿವರಣೆ ಬರೆಯುವುದು. 'ವಿದ್ಯುನ್ಮಂಡಲದ ಚಿತ್ರ' ಎಂದರೆ ಏನೂ ಹೇಳಿದಂತಾಗದು. '6 ವೋಲ್ಟ್ ಬ್ಯಾಟರಿಗೆ 2 ಮತ್ತು 4 ಓಮ್‌ಗಳ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದೆ' ಎಂದರೆ ವಿದ್ಯಾರ್ಥಿ 1 ಆಂಪಿಯರ್ ಎಂದು ಲೆಕ್ಕ ಹಾಕಿಯೇಬಿಡುತ್ತಾನೆ. ಇದನ್ನು ಕಚೇರಿ ಸಿಬ್ಬಂದಿ ಬರೆಯಲಾರರು, ವಿಷಯ ಬಲ್ಲ ಅಧ್ಯಾಪಕರೇ ಬರೆಯಬೇಕು. ಮುದ್ರಿಸಿ ಸಹಿ ಹಾಕಬೇಕಾದ ಅರ್ಜಿಯ ಪಿಡಿಎಫ್ ಹಾಗೇ ಇದ್ದರೂ, ಪಕ್ಕದಲ್ಲಿ ವೆಬ್ ರೂಪವೂ ಇರಲಿ. ವಿಕಲಚೇತನರ ಹಕ್ಕುಗಳ 2016ರ ಕಾಯಿದೆ ವಿದ್ಯುನ್ಮಾನ ಮಾಹಿತಿಯೂ ಅವರಿಗೆ ಎಟುಕುವ ರೂಪದಲ್ಲಿರಬೇಕು ಎನ್ನುತ್ತದೆ.

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು, ಮಾನಿಟರ್ ಆರಿಸಿ, ನಿಮ್ಮದೇ ಟಿಪ್ಪಣಿಯ ಒಂದು ಪುಟ ಕೇಳಿ ನೋಡಿ. ನಾನು ಮೂರನೆಯ ವಾಕ್ಯದಲ್ಲೇ ದಾರಿ ತಪ್ಪಿದ್ದೆ.