ಎಡ ಮೂಲೆಯ ಸುಲ್ತಾನ
ಕಬಡ್ಡಿಯಲ್ಲಿ ಚಪ್ಪಾಳೆಯೆಲ್ಲ ರೇಡರ್‌ಗೆ. ಆದರೆ 2018ರ ಪ್ರೊ ಕಬಡ್ಡಿ ಹರಾಜಿನಲ್ಲಿ ಮೊದಲು ಒಂದು ಕೋಟಿ ಮುಟ್ಟಿದ್ದು ಒಬ್ಬ ಡಿಫೆಂಡರ್! ಇರಾನಿನ ಫಜಲ್ ಅತ್ರಾಚಲಿ.

ಮೊದಲು ಕುಸ್ತಿಪಟು. 2015ರಲ್ಲಿ ಪ್ರೊ ಕಬಡ್ಡಿಯ ಯು ಮುಂಬಾ ತಂಡ ಸೇರಿದರು, ಆ ವರ್ಷವೇ ಕಪ್.

ನಿಲ್ಲೋದು ಎಡ ಮೂಲೆಯಲ್ಲಿ. ಅಲ್ಲಿ ಆತುರ ನಡೆಯೋದಿಲ್ಲ. ರೇಡರ್ ಬೋನಸ್ ಗೆರೆಯತ್ತ ಕಾಲು ಚಾಚಬೇಕು, ಮೈಭಾರ ಆ ಕಾಲಿನ ಮೇಲೆ ಬೀಳಬೇಕು. ಆ ಕ್ಷಣಕ್ಕೇ ಪಾದದ ಗಂಟಿಗೆ ಎರಡೂ ಕೈ! ಚೂರು ಮೊದಲಾದರೆ ರೇಡರ್ ಮುಟ್ಟಿ ಓಡ್ತಾನೆ, ತಡವಾದರೆ ಕಾಲೇ ಸಿಗಲ್ಲ. ಜೊತೆಗಾರರು ತಕ್ಷಣ ಮೇಲೆ ಬೀಳದಿದ್ದರೆ ಹಿಡಿತವೂ ಜಾರುತ್ತೆ.

2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ, ಏಳು ಸಲ ಚಿನ್ನ ಗೆದ್ದಿದ್ದ ಭಾರತವನ್ನು 27-18ರಿಂದ ಮಣಿಸಿದ ಇರಾನ್ ತಂಡದಲ್ಲೂ ಇವರಿದ್ದರು. ಪ್ರೊ ಕಬಡ್ಡಿಯಲ್ಲಿ 500 ಟ್ಯಾಕಲ್ ಅಂಕ ಮುಟ್ಟಿದ ಮೊದಲಿಗರೂ ಇವರೇ.

ಮುಂದಿನ ಪಂದ್ಯದಲ್ಲಿ ರೇಡರ್‌ನನ್ನು ಬಿಡಿ, ಎಡ ಮೂಲೆ ನೋಡಿ.