ಮಳೆಗಾಲಕ್ಕೆ ಮುನ್ನ ಹೊಗೆಯ ದಾರಿ ಶುಚಿಗೊಳಿಸಿ

ಮೇ ತಿಂಗಳ ಕೊನೆಗೆ ಕೊಡಗಿನ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಜೋರಾಗಿರುತ್ತದೆ. ಹೆಂಚು ಸರಿಪಡಿಸುತ್ತೇವೆ, ಸೌದೆ ಒಳಗಿಡುತ್ತೇವೆ, ಒಣಮೀನು ತಂದಿಡುತ್ತೇವೆ. ಆದರೆ ಒಲೆಯ ಹೊಗೆ ಕೊಳವೆಯನ್ನೋ ಚಿಮಣಿಯ ಫಿಲ್ಟರನ್ನೋ ತೆಗೆದು ನೋಡುವವರು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಳಿಗೆ ಹೆದರಿ ಕಿಟಕಿ ಮುಚ್ಚಿಬಿಡುತ್ತೇವೆ. ಆಗ ಹೊಗೆಗೆ ಉಳಿಯುವುದು ಅದೊಂದೇ ದಾರಿ. ಅದೂ ಕಟ್ಟಿಕೊಂಡರೆ ಹೊಗೆಯೆಲ್ಲ ಮನೆಯವರ ಎದೆಗೆ.

ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಆರು ಅನಿವಾರ್ಯ ಅಂಶಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಗಾಳಿ. ಅನ್ನ, ನೀರು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2020ರಲ್ಲಿ ಮನೆಯೊಳಗಿನ ವಾಯುಮಾಲಿನ್ಯದಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಮೃತಪಟ್ಟರು. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ 5 ವರ್ಷದೊಳಗಿನ ಮಕ್ಕಳು. ಮಗುವಿನ ಕೆಮ್ಮಿಗೆ ಜೋಶಾಂದ ಕುಡಿಸುತ್ತಾ, ಅದೇ ಮಗುವನ್ನು ಹೊಗೆಯಲ್ಲಿ ಕೂರಿಸಿದರೆ ಔಷಧ ಏನು ಮಾಡೀತು?

ಸೌದೆ ಒಲೆ, ಬಚ್ಚಲ ಹಂಡೆ ಒಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ‘ಅಸ್ತ್ರ ಒಲೆ’ಯಾದರೂ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆಯನ್ನು ಒಳಗೇ ಉಗುಳುತ್ತದೆ. ಹಸಿ ಸೌದೆ ಉರಿಸಿದರೆ ಮಸಿಯ ಜೊತೆ ಡಾಂಬರಿನಂಥ ಅಂಟೂ ಸೇರುತ್ತದೆ. ಅದಕ್ಕೆ ಕೊಳವೆಯೊಳಗೇ ಬೆಂಕಿ ತಗುಲಬಹುದು.

ಒಲೆ ಪೂರ್ತಿ ತಣ್ಣಗಾದ ಮೇಲೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಒಲೆಯ ಬಾಯಿಗೆ ಒದ್ದೆ ಗೋಣಿ ಮುಚ್ಚಿ. ಉದ್ದ ಬಿದಿರಿನ ತುದಿಗೆ ಗೋಣಿ ಸುತ್ತಿ ಕೊಳವೆಯೊಳಗೆ ಮೇಲೆ ಕೆಳಗೆ ಆಡಿಸಿ. ಮೇಲಿನ ಟೋಪಿ ಸರಿಯಾಗಿದೆಯೇ, ಹಕ್ಕಿ ಗೂಡು ಕಟ್ಟಿದೆಯೇ ನೋಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೀಗೆ ಮಾಡಿ. ಹಳೆಯ ಆಸ್ಬೆಸ್ಟಾಸ್ ಕೊಳವೆಯಾದರೆ ಉಜ್ಜಿ ಕೆರೆಯಬೇಡಿ. ಅದರ ನಾರು ಶ್ವಾಸಕೋಶಕ್ಕೆ ಅಪಾಯ. ಅದನ್ನು ಬದಲಾಯಿಸುವುದೇ ಲೇಸು.

ಗ್ಯಾಸ್ ಒಲೆಯ ಚಿಮಣಿ

ಮೊದಲು ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಉಕ್ಕಿನ ಫಿಲ್ಟರನ್ನು ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಮತ್ತು ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಮೆತ್ತಗಿನ ಬ್ರಷ್‌ನಿಂದ ಉಜ್ಜಿ. ಪೂರ್ತಿ ಒಣಗಿಸಿಯೇ ಮತ್ತೆ ಕೂರಿಸಿ. ದಿನವೂ ಕರಿಯುವ, ಹುರಿಯುವ ಮನೆಯಾದರೆ ಎರಡು ಮೂರು ವಾರಕ್ಕೊಮ್ಮೆ ತೊಳೆಯಬೇಕು. ಹೊರಕ್ಕೆ ಪೈಪ್ ಇಲ್ಲದ ಚಿಮಣಿಯಲ್ಲಿ ಇದ್ದಿಲಿನ ಫಿಲ್ಟರ್ ಇರುತ್ತದೆ. ಅದನ್ನು ತೊಳೆಯುವಂತಿಲ್ಲ, ಕಂಪನಿ ಹೇಳಿದ ಅವಧಿಗೆ ಬದಲಾಯಿಸಬೇಕು. ಜ್ವಾಲೆ ನೀಲಿಯ ಬದಲು ಹಳದಿಯಾಗಿದ್ದರೆ ಬರ್ನರಿನ ತೂತುಗಳನ್ನೂ ಶುಚಿ ಮಾಡಿ.

ಬಾಣಂತಿ ಕೋಣೆಯ ಕೆಂಡ

ಮಳೆಗಾಲದಲ್ಲಿ ಬಾಣಂತಿ, ಮಗುವಿನ ಕೋಣೆಗೆ ಕೆಂಡ ಇಡುವ ರೂಢಿ ನಮ್ಮಲ್ಲಿದೆ. ಕೆಂಡದಲ್ಲಿ ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಮಲಗುವ ಮುನ್ನ ಬೆಂಕಿ ಆರಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬೆಚ್ಚಗಿಡಲು ಕಂಬಳಿ, ಟೋಪಿ, ತಾಯಿಯ ಮೈಶಾಖ ಸಾಕು.

ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೊದಲು ಎಲ್ಲರನ್ನೂ ಹೊರಗೆ ಕರೆತನ್ನಿ, 108ಕ್ಕೆ ಕರೆ ಮಾಡಿ. ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಕೊಳವೆ, ಫಿಲ್ಟರ್ ಶುಚಿ ಮಾಡುವ ಕೆಲಸವನ್ನು ಅಡುಗೆ ಮಾಡುವವರ ತಲೆಗೇ ಕಟ್ಟಬೇಡಿ. ಆ ಹೊಗೆಯನ್ನು ದಿನವೂ ಉಸಿರಾಡುವವರು ಅವರೇ. ಈ ವಾರದ ರಜಾದಿನ ಏಣಿ ಹತ್ತುವವರು ನೀವಾಗಿರಿ.